ಆರು ಗಂಟೆಯ ಮಾತ್ರೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಶಂಕರಮ್ಮನನ್ನು ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, "ಕೂರೋದು" ಎನ್ನುತ್ತಾಳೆ. ಕೇಳಿದವರು ನಗುತ್ತಾರೆ. ಆದರೆ ಅವಳು ಹೇಳುವುದು ಇದ್ದ ಮಾತೇ. ಮಂಗಳವಾರ ಮತ್ತು ಶುಕ್ರವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಾಳೆ. ವಾಸಿಯಾಗದ ಕಾಯಿಲೆಯವರನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರು ಇರುತ್ತಾರಲ್ಲ, ಹೆಂಡತಿಯೋ ಮಗಳೋ ಗಂಡನೋ, ಅವರನ್ನು ಮೂರು ತಾಸು ಹೊರಗೆ ಕಳಿಸಿ ಅವರ ಜಾಗದಲ್ಲಿ ತಾನು ಕೂರುತ್ತಾಳೆ. ಮನೆಮನೆಗೆ ಹೋಗಿ ನೋವಿಗೆ ಔಷಧಿ ಕೊಡುವ ಒಂದು ತಂಡ ಶಿವಮೊಗ್ಗದಲ್ಲಿದೆ. ಯಾವ ಮನೆಗೆ ಹೋಗಬೇಕೆಂದು ಆ ತಂಡದ ನರ್ಸು ಕವನಾ ಫೋನು ಮಾಡಿ ಹೇಳುತ್ತಾಳೆ.

ಶಂಕರಮ್ಮ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಆದರೆ ಈ ಕೂರುವ ಕೆಲಸದಲ್ಲಿ ಅವಳಿಗೆ ತಿಳಿದಷ್ಟು ಓದಿದವರಿಗೂ ತಿಳಿದಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ಹೇಳಿಕೊಡುವಾಗ ಅವಳು ಹೇಳುವುದು ಇಷ್ಟೇ: "ನೋಡ್ಕೊಳ್ಳೋರನ್ನ ಊಟ ಆಯ್ತಾ ಅಂತ ಕೇಳ್ಬೇಡಿ. ಹೂಂ ಅಂದುಬಿಡ್ತಾರೆ. ನಿನ್ನೆ ರಾತ್ರಿ ಏನು ಉಂಡ್ರಿ ಅಂತ ಕೇಳಿ. ಯೋಚನೆ ಮಾಡಿದ್ರು ಅಂದ್ರೆ ಉಂಡಿಲ್ಲ ಅಂತ ತಿಳ್ಕೊಳ್ಳಿ." ಇನ್ನೊಂದು, ಅವರನ್ನು ಸುಮ್ಮನೆ ಹೊರಗೆ ಹೋಗಿ ಬನ್ನಿ ಎನ್ನಬಾರದು. ಹಾಗೆಂದರೆ ಹೊಸ್ತಿಲಾಚೆ ಎರಡು ನಿಮಿಷ ನಿಂತು ವಾಪಸು ಬರುತ್ತಾರೆ. ಅರ್ಧ ಕೇಜಿ ಬೆಲ್ಲ ತನ್ನಿ, ಅದೂ ಗಾಂಧಿ ಬಜಾರಿನದೇ ಬೇಕು ಎನ್ನಬೇಕು. ಆಗ ಕಾಲು ತಾನಾಗಿ ನಡೆಯುತ್ತದೆ.

ಈ ಉಪಾಯ ನಡೆಯದೇ ಹೋದದ್ದು ದುರ್ಗಿಗುಡಿಯ ಶಿವಯೋಗಿಯ ಹತ್ತಿರ ಮಾತ್ರ. ಶಿವಯೋಗಿ ಹೊಲಿಗೆ ಮಿಷನ್ನು ರಿಪೇರಿ ಮಾಡುವವನು. ಐವತ್ತೈದರ ಆಸುಪಾಸು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಂಡತಿ ತನುಜಾಗೆ ಎದೆಯ ಕ್ಯಾನ್ಸರು ಬೆನ್ನುಮೂಳೆಗೆ ಇಳಿದು ಅವಳು ಹಾಸಿಗೆ ಹಿಡಿದ ಮೇಲೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿದ್ದು, ಹಾಗೇ ಇತ್ತು. ಆರು ವಾರದಿಂದ ಶಂಕರಮ್ಮ ಆ ಮನೆಗೆ ಹೋಗುತ್ತಿದ್ದಳು. ಬೆಲ್ಲ ತನ್ನಿ ಎಂದರೆ ಅವನು ಬೀದಿಯ ತುದಿಯ ಅಂಗಡಿಯಲ್ಲೇ ತಂದು, "ಅಲ್ಲಿದೇ ಅಂದ್ಕೊಳ್ಳಿ ಶಂಕರಮ್ಮೋರೆ" ಎನ್ನುತ್ತಿದ್ದ. ಅವಳು ಹತ್ತಕ್ಕೆ ಬಂದು ಒಂದಕ್ಕೆ ಹೋಗುತ್ತಿದ್ದಳು. ಆ ಹೊತ್ತಿಗೆಲ್ಲ ತನುಜಾ ಮಂಪರಿನಲ್ಲಿ ಇರುತ್ತಿದ್ದಳು. ಶಂಕರಮ್ಮ ಅವಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಾ, ಮಗ್ಗುಲು ಬದಲಿಸುತ್ತಾ ಕೂರುತ್ತಿದ್ದಳು. ಆರು ವಾರದಲ್ಲಿ ಅವರಿಬ್ಬರು ಆಡಿದ ಮಾತು ಒಂದು ಅಂಗೈಯಲ್ಲಿ ಹಿಡಿಯುವಷ್ಟೂ ಇರಲಿಲ್ಲ.

ಒಂದು ಮಂಗಳವಾರ ತಂಡದ ವ್ಯಾನು ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದಿತ್ತು. ಕವನಾ ಕಾಗದಗಳ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು.

"ಅಮ್ಮ, ತನುಜಾ ಅವರದ್ದು ನಂಗೆ ತಿಳೀತಾನೇ ಇಲ್ಲ. ಎರಡು ಸಲ ಮಾತ್ರೆ ಜಾಸ್ತಿ ಮಾಡಿದ್ವಿ. ಹಗಲೆಲ್ಲ ತೂಕಡಿಸ್ತಾರೆ. ಬೆಳಿಗ್ಗೆ ನೋವು ಮಾತ್ರ ಹಂಗೇ ಇದೆ. ಸೋಮವಾರ ಡಾಕ್ಟ್ರು ಬರ್ತಾರೆ. ಆಗ್ಲೂ ಹಿಂಗೇ ಇದ್ರೆ ವಾರ್ಡಿಗೆ ಹಾಕ್ಕೋಬೇಕಾಗುತ್ತೆ."

"ಅವಳು ಬರಲ್ಲ."

"ಬರಲ್ಲ ಅಂತ ನಂಗೂ ಹೇಳಿದ್ದಾರೆ. ಮನೇಲೇ ಹೋಗ್ತೀನಿ, ಆಸ್ಪತ್ರೇಲಿ ಅಲ್ಲ ಅಂತ. ಹಂಗಂತ ನೋವಲ್ಲೇ ಬಿಡೋದು ಹೆಂಗಮ್ಮ?"

ಡ್ರೈವರ್ ಮಲ್ಲಿಕ್ ಕನ್ನಡಿಯಲ್ಲಿ ನೋಡಿ, "ಆ ಶಿವಯೋಗಿಯೋರ ತಲೆ ನೋಡಿದ್ರಾ ಅಮ್ಮ? ಕೂದಲು ಭುಜಕ್ಕೆ ಬಂದಿದೆ. ಇನ್ನೊಂದು ತಿಂಗಳಾದ್ರೆ ಯಾವ್ದಾದ್ರೂ ಮಠದೋರು ಪೀಠಕ್ಕೆ ಕೂರಿಸ್ತಾರೆ" ಅಂದ.

"ಏಳು ಗಂಟೆಗೆ ಕಟಿಂಗ್ ಶಾಪು ಖಾಲಿ ಇರುತ್ತಲ್ವಾ?" ಎಂದು ಶಂಕರಮ್ಮ ಕೇಳಿದಳು.

"ಖಾಲಿ ಇರುತ್ತೆ. ಹೋಗೋರು ಬೇಕಲ್ಲ."

"ಶುಕ್ರವಾರ ನಾನು ಬೇಗ ಬರ್ತೀನಿ."

ಶುಕ್ರವಾರ ಅವಳು ಮೊದಲ ಬಸ್ಸಿಗೇ ಹೊರಟಳು. ಶಿವಮೊಗ್ಗದ ಬಸ್ ಸ್ಟ್ಯಾಂಡಿನಿಂದ ನಡೆದೇ ದುರ್ಗಿಗುಡಿಗೆ ಹೋದಾಗ ಏಳು ಗಂಟೆ. ಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಂದಕ್ಕೆ ಮಾಡಿತ್ತು. ಮಿಷನ್ನುಗಳ ಕೋಣೆ ದಾಟುವಾಗಲೇ ಒಳಗಿನ ಸದ್ದು ಕೇಳಿಸಿತು. ಅಳುವುದಲ್ಲ, ನರಳುವುದೂ ಅಲ್ಲ. ಹಲ್ಲು ಕಚ್ಚಿಕೊಂಡು ಮೂಗಿನಿಂದ ಬಿಡುವ ಉಸಿರಿನ ಸದ್ದು. ಆ ಸದ್ದು ಶಂಕರಮ್ಮನಿಗೆ ಹೊಸದಲ್ಲ. ಅವಳ ಕಾಲು ಅಲ್ಲೇ ನಿಂತಿತು.

ಒಳಗೆ ಶಿವಯೋಗಿ ಪಂಚೆ ಎತ್ತಿ ಕಟ್ಟಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೆಂಡತಿಯ ಬೆನ್ನು ಒರೆಸುತ್ತಿದ್ದ. ತನುಜಾ ಗೋಡೆಯ ಕಡೆ ಮಗ್ಗುಲಾಗಿ ಸೆರಗನ್ನು ಬಾಯಲ್ಲಿ ತುರುಕಿಕೊಂಡಿದ್ದಳು. ಒರೆಸಿದ ಬೆನ್ನ ಮೇಲೆ ಮತ್ತೆ ಬೆವರು ಬರುತ್ತಿತ್ತು.

"ಇಷ್ಟು ಬೇಗ ಬಂದ್ರಾ? ಇನ್ನು ಸ್ವಲ್ಪ ಹೊತ್ತು ಶಂಕರಮ್ಮೋರೆ," ಎಂದ ಶಿವಯೋಗಿ. ಅವನ ದನಿ ಕಳ್ಳನ ದನಿಯಂತಿತ್ತು.

ಶಂಕರಮ್ಮ ಗೋಡೆಯ ಕಡೆ ನೋಡಿದಳು. ಓದು ಬಾರದವರಿಗೂ ತಿಳಿಯಲೆಂದು ಕವನಾ ಹಾಳೆಯ ಮೇಲೆ ಐದು ಗಡಿಯಾರ ಬರೆದು ಅಂಟಿಸಿದ್ದಳು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿ ಹತ್ತಕ್ಕೆ ಎರಡು ಮಾತ್ರೆ, ನಿದ್ದೆ ಕೆಡದಿರಲಿ ಎಂದು. ಮಿಕ್ಕ ಹೊತ್ತಿಗೆ ಒಂದೊಂದು. ಕೊಟ್ಟ ಮೇಲೆ ಆ ಗಡಿಯಾರದ ಪಕ್ಕ ಗುರುತು ಹಾಕಬೇಕು. ಇವತ್ತು ಬೆಳಿಗ್ಗೆ ಆರರ ಗಡಿಯಾರಕ್ಕೆ ಗುರುತು ಇತ್ತು. ಹಾಳೆಯ ಕೆಳಗೆ ಸ್ಟೂಲಿನ ಮೇಲೆ ಮಾತ್ರೆಯ ಡಬ್ಬಿ. ಅದರಲ್ಲಿ ಐದು ಖಾನೆ. ಬೆಳಿಗ್ಗೆ ಆರರ ಖಾನೆಯಲ್ಲಿ ಮಾತ್ರೆಯೂ ಹಾಗೇ ಇತ್ತು.

ಅವಳು ಸೆರಗು ಸಿಕ್ಕಿಸಿ ಹಾಸಿಗೆಯ ಆ ಬದಿಗೆ ಹೋಗಿ ತನುಜಾಳ ಭುಜ ಹಿಡಿದುಕೊಂಡಳು. ಮೈ ಒರೆಸುವುದು ಮುಗಿಯಿತು. ಸೀರೆ ಸುತ್ತುವುದು, ತಲೆ ಬಾಚುವುದು ಮುಗಿಯಿತು. ಆಮೇಲೆ ಇಬ್ಬರೂ ಸೇರಿ ಅವಳನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದರು. ಕೂತಾಗ ಅವಳ ಮುಖದಲ್ಲಿದ್ದ ಬಣ್ಣವೆಲ್ಲ ಇಳಿಯಿತು. ಶಿವಯೋಗಿ ಅವಳ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅವಳ ಎಡ ಅಂಗೈ ಮೇಲೆ ಇಟ್ಟ. ಎಡಗೈ ಊದಿ ಬಾಳೆದಿಂಡಿನಂತಾಗಿತ್ತು, ತಾನಾಗಿ ನಿಲ್ಲುತ್ತಿರಲಿಲ್ಲ. ಅವನು ತನ್ನ ಕೈಯನ್ನು ಅದರ ಕೆಳಗೆ ಕೊಟ್ಟು ಹಿಡಿದ. ನೀರು, ವಿಭೂತಿ, ಪತ್ರೆ. ಪತ್ರೆ ಎರಡು ಸಲ ಬೆರಳಿನಿಂದ ಜಾರಿ ಬಿತ್ತು. ಎರಡು ಸಲವೂ ತನುಜಾ ಬೇರೆ ಎಸಳು ಕೇಳಿ ತೆಗೆದುಕೊಂಡಳು. ಪೂಜೆ ಮುಗಿದು, ಲಿಂಗದ ಮೇಲೆ ಎರೆದ ನೀರನ್ನು ಅವಳು ತೀರ್ಥವಾಗಿ ಗುಟುಕರಿಸಿದ ಮೇಲೆ ಶಿವಯೋಗಿ ಮಾತ್ರೆ ಕೊಟ್ಟ. ಆಗ ಗಂಟೆ ಎಂಟೂ ಇಪ್ಪತ್ತೈದು. ಹತ್ತರ ಮಾತ್ರೆಗೆ ಉಳಿದದ್ದು ಒಂದೂವರೆ ತಾಸು.

"ನೀವು ಇದ್ದೀರಲ್ಲ, ನಾನು ಕಟಿಂಗಿಗೆ ಹೋಗಿ ಬರ್ಲಾ?" ಎಂದ ಅವನು. ಆರು ವಾರದಲ್ಲಿ ಮೊದಲ ಸಲ ತಾನಾಗಿ ಹೊರಡಲು ನಿಂತಿದ್ದ.

"ಕೂದಲು ಎಲ್ಲೂ ಓಡಿಹೋಗಲ್ಲ ತಮ್ಮಾ. ಕೂತ್ಕೋ."

ಅವನು ಕೂತ. ಸ್ವಲ್ಪ ಹೊತ್ತಿಗೆ ತಾನೇ ಹೇಳಿದ. "ಅವಳು ಆಣೆ ಹಾಕಿಸಿದ್ಲು. ನರ್ಸಮ್ಮಂಗೆ ಹೇಳ್ಬೇಡಿ ಅಂತ. ನಾನಾದ್ರೆ ಎದ್ದ ಕೂಡಲೇ ಕಾಫಿ ಕುಡಿದು ಬಿಡ್ತೀನಿ, ಪೂಜೆ ಆಮೇಲೆ. ಅವಳು ಹಂಗಲ್ಲ. ಮದ್ವೆ ಆಗಿ ಬಂದಾಗಿಂದ ಪೂಜೆ ಆಗ್ದೆ ಒಂದು ಹನಿ ನೀರು ಬಾಯಿಗೆ ಹಾಕಿದೋಳಲ್ಲ."

"ಆರಕ್ಕೇ ಗುರುತು ಯಾಕೆ ಹಾಕಿದ್ದು?"

"ಹಾಕದೇ ಇದ್ರೆ ನರ್ಸಮ್ಮ ಕೇಳ್ತಾರಲ್ಲ."

ತನುಜಾ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. ಮಾತ್ರೆ ಹಿಡಿಯಲು ಇನ್ನೂ ಮುಕ್ಕಾಲು ತಾಸು ಬೇಕು. ಅಷ್ಟರವರೆಗೆ ಅವಳು ಎಚ್ಚರ ಇರುತ್ತಾಳೆ, ನೋವಿನ ಜೊತೆಗೆ. "ಅವರನ್ನ ಬಯ್ಯಬೇಡಿ ಅಮ್ಮ. ಆಸ್ಪತ್ರೆಗೆ ಹಾಕಿದ್ರೆ ಬೆಳಕು ಹರಿಯೋ ಮೊದ್ಲೇ ಬಾಯಿಗೆ ಮಾತ್ರೆ ಹಾಕ್ತಾರೆ. ಸ್ಕ್ಯಾನು ಅಂತ ಕೊರಳಿಂದ ಲಿಂಗ ತೆಗೀತಾರೆ. ಮೂವತ್ತೆರಡು ವರ್ಷ ಬಿಡದೇ ಮಾಡಿದ್ದು, ಈಗ ಕೊನೆಗಾಲಕ್ಕೆ ಬಿಡ್ಲಾ?"

"ಬಿಡು ಅಂತ ಯಾರು ಹೇಳಿದ್ರು?"

"ಮತ್ತೆ?"

"ಆರು ಗಂಟೆಗೇ ಮಾಡು. ಮುಖ ಒರೆಸ್ಕೊಂಡು, ಹಣೆಗೆ ವಿಭೂತಿ ಹಚ್ಕೊಂಡು, ಮಲಗಿದಲ್ಲೇ ಮಾಡು. ಐದು ನಿಮಿಷ. ತೀರ್ಥದ ಜೊತೆ ಮಾತ್ರೆ ತಗೋ. ಏಳೂವರೆಗೆ ನೋವು ಇಳಿದ ಮೇಲೆ ಮೈ ಒರೆಸ್ಲಿ, ತಲೆ ಬಾಚ್ಲಿ, ಏನಾದ್ರೂ ಮಾಡ್ಲಿ."

"ಮೈ ತೊಳೀದೆ ಲಿಂಗ ಮುಟ್ಟೋದಾ?"

"ರಾತ್ರಿಯೆಲ್ಲ ಲಿಂಗ ಎಲ್ಲಿರುತ್ತೆ? ನಿನ್ನ ಎದೆ ಮೇಲೇ ಇರುತ್ತಲ್ಲ. ಹೆರಿಗೆ ಮನೇಲಿ ನಮ್ಮೋರು ಲಿಂಗ ತೆಗೀತಾರಾ? ಸಾವಿನ ಮನೇಲಿ ತೆಗೀತಾರಾ? ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲ ಅಂತ ನಿಮ್ಮ ಮನೇಲೂ ಹಿರಿಯರು ಹೇಳಿರ್ತಾರೆ. ಬೆವರಿಗೆ ಮಾತ್ರ ಸೂತಕ ಎಲ್ಲಿಂದ ಬಂತು?"

ಶಂಕರಮ್ಮ ಬಿಡಲಿಲ್ಲ.

"ಲಿಂಗಕ್ಕೆ ತೋರಿಸ್ದೆ ಒಂದು ಬಾಳೆಹಣ್ಣೂ ತಿನ್ನಲ್ಲ ನಾವು. ಮಾತ್ರೆಯನ್ನೂ ತೋರಿಸು. ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದ ಬೇಡ ಅನ್ನೋಕೆ ಬರುತ್ತಾ?"

"ಚೆನ್ನಾಗಿ ಮಾತಾಡ್ತೀರ ಅಮ್ಮ," ಎಂದಳು ತನುಜಾ. ತುಟಿಯಲ್ಲಿ ಒಂದು ಎಳೆ ನಗು ಬಂದು ಹೋಯಿತು. "ಮಾತಿಗೆ ಮಾತು ಸರಿಯಿದೆ. ಮನಸ್ಸು ಒಪ್ಪಲ್ಲ."

ಶಂಕರಮ್ಮ ಕಿಟಕಿಯ ಕಡೆ ತಿರುಗಿದಳು. ಯಾರಿಗೂ ಹೇಳದ ಒಂದು ಮಾತು ಅವಳ ಹತ್ತಿರ ಇತ್ತು. ಅದನ್ನು ಹೇಳದೇ ಬಸ್ಸು ಹತ್ತಿದರೆ ಸೋಮವಾರ ಈ ಹೆಂಗಸನ್ನು ವಾರ್ಡಿಗೆ ಒಯ್ಯುತ್ತಾರೆ ಅಥವಾ ಇವಳು ಇದೇ ಹಾಸಿಗೆಯಲ್ಲಿ ದಿನಾ ಬೆಳಿಗ್ಗೆ ಸೆರಗು ಕಚ್ಚುತ್ತಾಳೆ. ಹೇಳಿದರೆ ತಾನು ಇಷ್ಟು ವರ್ಷ ಒಳ್ಳೆಯವಳೆನಿಸಿಕೊಂಡು ಮನೆಮನೆಯಲ್ಲಿ ಕೂತದ್ದು ಏನಾಗುತ್ತದೋ. ಒಂದು ಗುಟುಕು ನೀರು ಕುಡಿದು ಶುರು ಮಾಡಿದಳು.

"ನಮ್ಮ ಮನೆಯೋರಿಗೆ ಗಂಟಲಲ್ಲಿ ಆಗಿತ್ತು. ಕಬ್ಬಿಣದ ಕಾರ್ಖಾನೇಲಿ ಅಚ್ಚು ಹೊಯ್ಯೋ ಕೆಲ್ಸ ಮಾಡ್ತಿದ್ರು. ಹದಿನಾಲ್ಕು ತಿಂಗಳು ಮಲಗಿದ್ರು. ಹೋಗಿ ಎಂಟು ವರ್ಷ ಆಯ್ತು. ನಮಗೂ ಒಬ್ರು ನರ್ಸು ಬರ್ತಿದ್ರು, ಇದೇ ಥರ ಹಾಳೆ, ಇದೇ ಥರ ಗಡಿಯಾರ. ನಂಗೆ ಬರೆಯೋಕೆ ಬರ್ತಿದ್ದದ್ದು ಆ ಗುರುತು ಒಂದೇ. ಅದನ್ನ ಆರು ಗಂಟೆಗೆ ಸರಿಯಾಗಿ ಹಾಕ್ತಿದ್ದೆ. ಮಾತ್ರೆ ಕೊಡ್ತಿದ್ದದ್ದು ಒಂಬತ್ತಕ್ಕೆ."

ಶಿವಯೋಗಿ ತಲೆ ಎತ್ತಿದ.

"ನೀರು ಕಾಯಿಸ್ಬೇಕು, ಮೈ ತೊಳೀಬೇಕು, ನನ್ನ ಸ್ನಾನ, ನನ್ನ ಪೂಜೆ, ಆಮೇಲೆ ಅವರ ಕೈಲಿ ಪೂಜೆ ಮಾಡಿಸೋದು. ಅಷ್ಟೂ ಹೊತ್ತು ಅವರು ಟವೆಲ್ಲು ಕಚ್ಕೊಂಡು ಇರ್ತಿದ್ರು. ಬೆಳಿಗ್ಗೆ ನೋವು ಅನ್ನೋದು ಆ ಕಾಯಿಲೆ ಗುಣ ಅಂದ್ಕೊಂಡಿದ್ದೆ. ದೇವರಾಣೆ, ಹಂಗೇ ಅಂದ್ಕೊಂಡಿದ್ದೆ."

"ಆಮೇಲೆ ಹೆಂಗೆ ಗೊತ್ತಾಯ್ತು?" ಶಿವಯೋಗಿ ಕೇಳಿದ.

"ನಾಲ್ಕು ವರ್ಷದ ಹಿಂದೆ ನವುಲೆಯಲ್ಲಿ ಜನಾರ್ದನ ಮೇಷ್ಟ್ರು ಅಂತ ಒಬ್ರ ಮನೇಲಿ ಕೂರ್ತಿದ್ದೆ. ಅವರಿಗೂ ಗಂಟಲೇ. ಒಂದಿನ ಬೇಗ ಹೋದೆ. ಏಳೂವರೆಗೆ ಮೇಷ್ಟ್ರು ದಿಂಬಿಗೆ ಒರಗಿ ಪೇಪರ್ ಓದ್ತಾ, ಕಾಫಿ ತಣ್ಣಗಾಗಿದೆ ಅಂತ ಹೆಂಡ್ತಿ ಹತ್ರ ಜಗಳ ಆಡ್ತಿದ್ರು. ಮಾತ್ರೆ ಎಷ್ಟೊತ್ತಿಗೆ ಕೊಟ್ಟಿರಿ ಭವಾನಮ್ಮ ಅಂದೆ. ಆರಕ್ಕೆ, ಇನ್ನೆಷ್ಟೊತ್ತಿಗೆ ಅಂದ್ರು. ಅವತ್ತು ಮನೆಗೆ ಹೋಗಿ ನಾನು ಊಟ ಮಾಡ್ಲಿಲ್ಲ."

ಅವಳೇ ಮುಂದೆ ಹೇಳಿದಳು. "ಕೆಲವು ಗಂಡಸರು ರಾತ್ರಿ ಮಾತಾಡ್ತಾರೆ. ನಮ್ಮೋರು ಬೆಳಿಗ್ಗೆ ಮಾತಾಡೋರು. ಎದ್ದ ಕೂಡಲೇ ಶುರು. ಕನಸು ಬಿತ್ತು ಅಂತ, ಪಕ್ಕದ ಮನೆ ಕೋಳಿ ಹಂಗೆ ಕೂಗ್ತು ಅಂತ, ಶಿಫ್ಟಿನಲ್ಲಿ ಯಾರು ಯಾರಿಗೆ ಬೈದ್ರು ಅಂತ. ಒಲೆ ಮುಂದೆ ಕೂತು ನಾನು ಹೂಂ ಹೂಂ ಅಂತಿದ್ದೆ. ಸಂಜೆ ಆಯ್ತು ಅಂದ್ರೆ ಬಾಯಿ ಮುಚ್ಚಿದ ಗಡಿಗೆ. ಕಾಯಿಲೆ ಬಂದ ಮೇಲೂ ಮೊದ್ಲು ಮೊದ್ಲು ದನಿ ಇತ್ತು ಅವರಿಗೆ. ಬೆಳಿಗ್ಗೆ ಮಾತಾಡೋಣ ಅಂದ್ರೆ ಬಾಯಲ್ಲಿ ಟವೆಲ್ಲು ಇತ್ತು. ಆ ಹದಿನಾಲ್ಕು ತಿಂಗಳ ಬೆಳಗು ನಂಗೆ ಬೇಕು ತನುಜಾ. ಬೇರೇನೂ ಬೇಡ. ಎಲ್ಲಿಂದ ತರ್ಲಿ?"

ಹೊರಗೆ ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ತನುಜಾ ಈಗ ಕಣ್ಣು ತೆರೆದಿದ್ದಳು.

"ಅವರು ಕೇಳಿದ್ರಾ ಅಮ್ಮ? ಮಾತ್ರೆ ಕೊಡು ಅಂತ?"

"ಒಂದು ಸಲ ಕೇಳಿದ್ರು. ಪೂಜೆ ಆಗ್ಲಿ ರೀ ಅಂದೆ. ಆಮೇಲೆ ಕೇಳ್ಲಿಲ್ಲ."

ತನುಜಾ ಗಂಡನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಎಂಟು ವರ್ಷ ಆದ ಮೇಲೆ ಯಾವುದೋ ಮನೆಯಲ್ಲಿ ಕೂತು ಇದೇ ಮಾತನ್ನು ಅವನು ಹೇಳುವುದು ಅವಳಿಗೆ ಕಂಡಿತೋ ಏನೋ. "ನಾಳೆಗೆ ಪತ್ರೆ ಇವತ್ತು ರಾತ್ರಿನೇ ತೊಳೆದಿಡಿ ರೀ," ಎಂದಳು. ಅಷ್ಟರಲ್ಲಿ ಮಾತ್ರೆ ಹಿಡಿಯಿತು, ರೆಪ್ಪೆ ಇಳಿಯಿತು.

ಶಿವಯೋಗಿ ಎದ್ದು ಮುಂದಿನ ಕೋಣೆಗೆ ಹೋಗಿ ಮಿಷನ್ನುಗಳ ನಡುವೆ ನಿಂತ. ಶಂಕರಮ್ಮ ಹಿಂದೆ ಹೋಗಲಿಲ್ಲ. ಅಳುವ ಗಂಡಸಿನ ಹಿಂದೆ ಹೋಗಬಾರದು ಎನ್ನುವುದೂ ಅವಳು ಕಲಿತ ಪಾಠಗಳಲ್ಲಿ ಒಂದು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ, "ಕಟಿಂಗಿಗೆ ಹೋಗ್ತೀನಿ ಶಂಕರಮ್ಮೋರೆ" ಎಂಬ ದನಿ ಬಂತು. ಹೋದವನು ಎರಡು ತಾಸು ಬರಲಿಲ್ಲ.

ಸೋಮವಾರ ಶಂಕರಮ್ಮನ ದಿನವಲ್ಲ. ಆದರೂ ಹೋದಳು. ಡಾಕ್ಟರು ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಶಿವಯೋಗಿ ಎರಡು ದಿನದ ಲೆಕ್ಕ ಒಪ್ಪಿಸಿದ: ಶನಿವಾರ ಆರಕ್ಕೆ ಪೂಜೆ, ಆರೂ ಐದಕ್ಕೆ ಮಾತ್ರೆ. ಭಾನುವಾರವೂ ಹಾಗೆಯೇ. ಶನಿವಾರ ಮೈ ಒರೆಸುವಾಗ ಸ್ವಲ್ಪ ನೋವಿತ್ತು, ಭಾನುವಾರ ಅಷ್ಟಿರಲಿಲ್ಲ. ವಾರ್ಡಿನ ಮಾತು ಬೇಡವೆಂದೂ, ಹೆಚ್ಚಿಸಿದ ಮಾತ್ರೆಯನ್ನು ಹಿಂದಿನ ಅಳತೆಗೆ ಇಳಿಸಿ ನೋಡೋಣವೆಂದೂ ಡಾಕ್ಟರು ಹೇಳಿದರು. ಸ್ಕ್ಯಾನು ಬೇಕಾಗಿ ಬಂದರೂ ಕರಡಿಗೆಯನ್ನು ಗಂಡನ ಕೈಯಲ್ಲೇ ಕೊಡುತ್ತೇವೆ ಎಂದು ತಾವಾಗಿ ಹೇಳಿದರು.

ವ್ಯಾನಿನ ಹತ್ತಿರ ಕವನಾ ಶಂಕರಮ್ಮನ ಕೈ ಹಿಡಿದು ನಿಲ್ಲಿಸಿದಳು. ಶಿವಯೋಗಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದ, ಶಂಕರಮ್ಮನ ಗಂಡನ ಮಾತನ್ನೂ.

"ಐದು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ ಅಮ್ಮ. ಯಾರೂ ನಮಗೆ ಇದನ್ನ ಹೇಳ್ಲೇ ಇಲ್ಲ."

"ನೀವು ಕೇಳ್ಲೂ ಇಲ್ವಲ್ಲಮ್ಮ."

"ಏನಂತ ಕೇಳ್ಬೇಕಿತ್ತು?"

"ಬೆಳಿಗ್ಗೆ ಎದ್ದು ಮೊದ್ಲು ಏನು ಮಾಡ್ತೀರ ಅಂತ. ಆಮೇಲೆ ಏನು ಅಂತ. ಆಮೇಲೆ ಏನು ಅಂತ. ಬಾಯಿಗೆ ಮಾತ್ರೆ ಬರೋತನಕ ಕೇಳ್ಬೇಕು."

ಮಲ್ಲಿಕ್ ಸ್ಟೇರಿಂಗ್ ಮೇಲೆ ಕೈಯಿಟ್ಟು, "ಶಿವಯೋಗಿಯೋರ ತಲೆ ನೋಡಿದ್ರಾ? ಮಠದೋರಿಗೆ ನಷ್ಟ ಮಾಡಿದ್ರಿ ಅಮ್ಮ" ಅಂದ. ಯಾರೂ ನಗದಿದ್ದಾಗ ಗಾಡಿ ಶುರು ಮಾಡಿದ.

ತಾನು ಇನ್ನು ಮುಂದೆ ಬರಬಹುದೋ ಬಾರದೋ ಎಂದು ಶಂಕರಮ್ಮ ಕೇಳಬೇಕೆಂದಿದ್ದಳು. ಬಾಯಿ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕವನಾಳೇ, "ಇವತ್ತು ಬಂದಿದ್ದೀರಲ್ಲ, ನಾಳೆ ಬೇಡ. ಶುಕ್ರವಾರ ಹತ್ತಕ್ಕೆ ಬಂದ್ರೆ ಸಾಕು ಅಮ್ಮ, ಬೇಗ ಏನೂ ಬರ್ಬೇಡಿ" ಅಂದಳು. ಅಷ್ಟು ಕೇಳಿ ಅವಳಿಗೆ ಉಸಿರು ಬಂತು.

ಶುಕ್ರವಾರ ಅವಳು ಮೊದಲ ಬಸ್ಸಿಗೇ ಹೋದಳು. ಯಾಕೆಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಏಳಕ್ಕೆ ದುರ್ಗಿಗುಡಿ ಮುಟ್ಟಿದಳು. ಬಾಗಿಲು ಮುಂದಕ್ಕೆ ಮಾಡಿತ್ತು. ಚಪ್ಪಲಿ ಬಿಟ್ಟು ಇನ್ನೇನು ತಳ್ಳಬೇಕು, ಒಳಗೆ ತನುಜಾಳ ದನಿ ಕೇಳಿಸಿತು. ಸಣ್ಣ ದನಿ, ಆದರೆ ಹಲ್ಲು ಕಚ್ಚಿದ ದನಿಯಲ್ಲ.

"ಬೈತಲೆ ಅಂದ್ರೆ ನೆಟ್ಟಗೆ ತೆಗೀಬೇಕು ರೀ. ಇದೇನು, ಹೊಳೆ ಹರಿದ ಹಾಗೆ?"

"ಮಿಷನ್ನಿಗೆ ದಾರ ಹಾಕೋನು ಮಾರಾಯ್ತಿ ನಾನು. ತಲೆ ಬಾಚೋನಲ್ಲ."

"ಮೂವತ್ತೆರಡು ವರ್ಷ ನೋಡಿದ್ದೀರಲ್ಲ ಈ ತಲೇನ. ಬೈತಲೆ ಯಾವ ಕಡೆ ಅಂತ ಗೊತ್ತಿಲ್ವಾ?"

"ನೋಡಿದ್ದೆ. ಎದುರಿಂದ ನೋಡಿದ್ದೆ. ಹಿಂದಿನಿಂದ ನೋಡಿದ್ರೆ ಬಲ ಎಡ ಆಗುತ್ತಲ್ಲೇ."

"ಹಂಗಾದ್ರೆ ನಿನ್ನೆ ಉಪ್ಪಿಟ್ಟಿಗೆ ಉಪ್ಪು ಹಾಕಿದ್ದು ಎದುರಿಂದನೋ ಹಿಂದಿನಿಂದನೋ? ಎರಡು ಸಲ ಬಿದ್ದಿತ್ತು."

"ತಿಂದ್ಯಲ್ಲ ಮತ್ತೆ."

"ನಾಲ್ಕು ಚಮಚ. ನಿಮ್ಮ ಮುಖ ನೋಡಿ ತಿಂದೆ."

ಶಂಕರಮ್ಮ ಬಾಗಿಲಿನಿಂದ ಕೈ ತೆಗೆದಳು. ಮೆಟ್ಟಿಲ ಮೇಲೆ ಸೆರಗು ಹಾಸಿ ಕೂತಳು. ಬೀದಿಯಲ್ಲಿ ಮಕ್ಕಳು ಬ್ಯಾಗು ಹೊತ್ತು ಸ್ಕೂಲಿಗೆ ಹೊರಟಿದ್ದರು, ಹಾಲಿನ ಗಾಡಿ ಬಂದು ಹೋಯಿತು. ಎದುರು ಮನೆಯವಳು ರಂಗೋಲಿ ಪುಡಿಯ ಕೈಯಲ್ಲೇ, "ಒಳಗೆ ಯಾರೂ ಇಲ್ವೇನಮ್ಮ?" ಎಂದು ಕೇಳಿದಳು.

"ಇದ್ದಾರೆ. ಮಾತಾಡ್ತಿದ್ದಾರೆ."

ಮಾತು ಮುಗಿದ ಮೇಲೆ ಬಾಗಿಲು ತಟ್ಟಿದರಾಯಿತು ಎಂದುಕೊಂಡಳು. ಒಳಗೆ ಯಾರದೋ ಕನಸಿನ ವಿಷಯ ಬಂತು, ಆಮೇಲೆ ಒಂದು ಹಳೆಯ ಮಿಷನ್ನನ್ನು ಯಾರೋ ಬಿಟ್ಟುಹೋಗಿ ತಿರುಗಿ ಬಾರದ ವಿಷಯ ಬಂತು. ಒಬ್ಬರು ಹೇಳುವುದು, ಇನ್ನೊಬ್ಬರು ಹೂಂ ಎನ್ನುವುದು. ಶಂಕರಮ್ಮನೂ ಮೆಟ್ಟಿಲ ಮೇಲೆ ಕೂತು ದನಿಯಿಲ್ಲದೆ ಹೂಂ, ಹೂಂ ಎನ್ನುತ್ತಿದ್ದಳು. ಎಂಟು ಗಂಟೆಯಾದರೂ ಮಾತು ಮುಗಿದಿರಲಿಲ್ಲ.